ಹಬ್ಬದ ತಾರೀಖು ಯಾರು ನಿಶ್ಚಯಿಸುತ್ತಾರೆ? ಎಂಟನೇ ತರಗತಿಗೆ ಎರಡು ಅವಧಿಯ ಒಂದು ಪಾಠ

ಶಾಲೆಯಲ್ಲಿ ಹಬ್ಬಗಳು ಪಾಠವಾಗಿ ಬರುವುದು ಭಾಷೆಯ ಅವಧಿಯಲ್ಲಿ, ಇಲ್ಲವೇ ಸಮಾಜ ವಿಜ್ಞಾನದ ಅವಧಿಯಲ್ಲಿ. ಬೋಧನಾ ಸಾಮಗ್ರಿಯೂ ಹೆಚ್ಚುಕಡಿಮೆ ಒಂದೇ. ಡ್ರಾಯಿಂಗ್ ಹಾಳೆಯ ನಾಲ್ಕು ಮೂಲೆಗೆ ನಾಲ್ಕು ಚಿತ್ರ: ಒಂದು ದೀಪ, ಒಂದು ಮಸೀದಿಯ ಮೇಲಿನ ಚಂದ್ರ, ಒಂದು ಕ್ರಿಸ್‌ಮಸ್ ಗಿಡ, ಒಂದು ಗುರುದ್ವಾರ. ನಡುವೆ ‘ವಿವಿಧತೆಯಲ್ಲಿ ಏಕತೆ’. ಈ ವರ್ಷದ ಶಾಲಾ ಇಂಟರ್ನ್‌ಶಿಪ್‌ನಲ್ಲಿ ಸಹಪ್ರಶಿಕ್ಷಣಾರ್ಥಿಗಳ ಪಾಠ ಅವಲೋಕಿಸಲು ಹಿಂದಿನ ಬೆಂಚಿನಲ್ಲಿ ಕೂತಾಗ ಈ ಹಾಳೆಯನ್ನು ಹಲವು ಸಲ ನೋಡಿದ್ದೇನೆ. ಹಾಳೆಯ ಬಗ್ಗೆ ನನಗೆ ತಕರಾರಿಲ್ಲ. ಅದನ್ನು ತೂಗುಹಾಕಿದ ಮೇಲೆ ಬರುವ ಒಂದು ಮಾತಿನ ಬಗ್ಗೆ ಇದೆ: “ನೀನು ಹೇಳಮ್ಮ, ನಿಮ್ಮ ಹಬ್ಬದಲ್ಲಿ ಏನೇನು ಮಾಡ್ತೀರಿ?” ಕೇಳುವವರ ಮನಸ್ಸು ಒಳ್ಳೆಯದೇ. ಆದರೆ ನಲವತ್ತೈದು ಮಕ್ಕಳ ನಡುವೆ ಎದ್ದುನಿಂತ ಆ ಒಬ್ಬಳು ಅಷ್ಟು ಹೊತ್ತು ವಿದ್ಯಾರ್ಥಿಯಾಗಿ ಉಳಿಯುವುದಿಲ್ಲ, ತಾನೇ ಒಂದು ಬೋಧನಾ ಸಾಮಗ್ರಿಯಾಗಿಬಿಡುತ್ತಾಳೆ. ಗಣೇಶನ ಹಬ್ಬದ ಬಗ್ಗೆ ಹೇಳು ಎಂದು ಒಬ್ಬನನ್ನೇ ಆರಿಸಿ ನಿಲ್ಲಿಸಿದ್ದನ್ನು ನಾನು ಇನ್ನೂ ನೋಡಿಲ್ಲ.

ನಾನು ಭೌತಶಾಸ್ತ್ರ ಮತ್ತು ಗಣಿತ ಓದಿ ಬಂದವಳು. ಹಬ್ಬದ ಪಾಠ ನನ್ನ ಪಾಲಿಗೆ ಬರುವ ಕಾರಣವೇ ಇರಲಿಲ್ಲ. ಅದು ಬಂದದ್ದು ಒಬ್ಬ ಹುಡುಗನ ಪ್ರಶ್ನೆಯಿಂದ. 2025ರ ಸೆಪ್ಟೆಂಬರ್ 5ಕ್ಕೆ ಈದ್ ಮಿಲಾದ್, 6ಕ್ಕೆ ಅನಂತ ಚತುರ್ದಶಿ. ನಮ್ಮ ಇಂಟರ್ನ್‌ಶಿಪ್ ಶಾಲೆಯಿರುವ ಊರಿನಲ್ಲಿ ದೊಡ್ಡ ಗಣಪತಿಯನ್ನು ಬಿಡುವುದು ಅನಂತ ಚತುರ್ದಶಿಗೇ. ಎರಡು ಮೆರವಣಿಗೆಗಳು ಬೆನ್ನುಬೆನ್ನಿಗೆ ಬಂದವು. ಮೊದಲೇ ಶಾಂತಿ ಸಭೆ ನಡೆದಿತ್ತು, ಮುಖ್ಯರಸ್ತೆಗೆ ಬ್ಯಾರಿಕೇಡ್ ಬಂದಿತ್ತು, ಏನೂ ಆಗಲಿಲ್ಲ. ಸೋಮವಾರ ವಿಜ್ಞಾನದ ಅವಧಿ ಮುಗಿಯುವ ಹೊತ್ತಿಗೆ ಆ ಹುಡುಗ ಕೇಳಿದ: “ಮಿಸ್, ಅವರು ಬೇಕಂತಲೇ ನಮ್ಮ ಗಣಪತಿ ಬಿಡೋ ಟೈಮಿಗೇ ಅವರ ಹಬ್ಬ ಇಟ್ಕೋತಾರಂತೆ, ಹೌದಾ?”

‘ಅಂತೆ’ ಎಂಬ ಆ ಎರಡಕ್ಷರ ಮುಖ್ಯ. ಮಾತು ಹುಡುಗನದಲ್ಲ, ಮನೆಯಲ್ಲೋ ಅಂಗಡಿ ಕಟ್ಟೆಯ ಮೇಲೋ ಕಿವಿಗೆ ಬಿದ್ದದ್ದು. ಅದು ನಿಜವೋ ಅಲ್ಲವೋ ಎಂದು ತಿಳಿದುಕೊಳ್ಳಲು ಅವನು ಶಾಲೆಗೆ ತಂದಿದ್ದ. ತರಗತಿಯಲ್ಲಿದ್ದ ಮೂವರು ಮುಸ್ಲಿಂ ಮಕ್ಕಳು ತಲೆ ಎತ್ತಲಿಲ್ಲ.

ಇಂಥ ಪ್ರಶ್ನೆ ಬಂದಾಗ ನಮ್ಮಲ್ಲಿ ಎರಡು ರೂಢಿಯ ಉತ್ತರಗಳಿವೆ. ಒಂದು, “ಹಾಗೆಲ್ಲ ಮಾತಾಡಬಾರದು.” ಇನ್ನೊಂದು, “ಎಲ್ಲ ಧರ್ಮಗಳೂ ಒಂದೇ.” ಎರಡೂ ಉತ್ತರಗಳಲ್ಲ. ಹುಡುಗ ಕೇಳಿದ್ದು ನೀತಿಯ ಪ್ರಶ್ನೆ ಅಲ್ಲ, ಸಂಗತಿಯ ಪ್ರಶ್ನೆ: ಎರಡು ಹಬ್ಬಗಳು ಒಂದೇ ಸಮಯಕ್ಕೆ ಬಂದದ್ದು ಯಾರದಾದರೂ ತೀರ್ಮಾನದಿಂದಲೋ ಅಲ್ಲವೋ? ಇದನ್ನು ಲೆಕ್ಕ ಹಾಕಿ ಪರೀಕ್ಷಿಸಬಹುದು. ಪರೀಕ್ಷಿಸಬಹುದಾದ ಪ್ರಶ್ನೆ ವಿಜ್ಞಾನದ ಅವಧಿಗೆ ಸೇರಿದ್ದು ಎಂಬುದು ನನ್ನ ವಾದ. ನನಗೆ ಮಾರ್ಗದರ್ಶನ ಮಾಡುತ್ತಿದ್ದ ಶಿಕ್ಷಕರು ಮೊದಲು ಹಿಂಜರಿದರು. ಹಬ್ಬ ಸೂಕ್ಷ್ಮ ವಿಷಯ, ಪೋಷಕರು ಬಂದು ಕೇಳಿದರೆ ಏನು ಹೇಳುವುದು ಎಂಬುದು ಅವರ ಆತಂಕ. ಅದು ಸುಳ್ಳು ಆತಂಕವೇನೂ ಅಲ್ಲ. ನಾನು ಪಾಠ ಯೋಜನೆಯ ಕರಡು ತೋರಿಸಿದೆ. ಅದರಲ್ಲಿ ದೇವರ ಮಾತೇ ಇರಲಿಲ್ಲ. ಚಂದ್ರ, ಸೂರ್ಯ, ಗ್ರಾಫ್ ಹಾಳೆ ಇದ್ದವು. ಅವರು ಒಪ್ಪಿ ಎರಡೂ ದಿನ ತಾವೇ ಬಂದು ಕೂತರು. ಸಂವಿಧಾನದ 51ಎ ವಿಧಿ ಹೇಳುವ ಮೂಲಭೂತ ಕರ್ತವ್ಯಗಳಲ್ಲಿ ಸಾಮರಸ್ಯ ಬೆಳೆಸುವುದೂ ಇದೆ, ವೈಜ್ಞಾನಿಕ ಮನೋಭಾವ ಬೆಳೆಸುವುದೂ ಇದೆ. ನಾವು ಮೊದಲನೆಯದನ್ನು ಪ್ರಾರ್ಥನಾ ಸಭೆಗೂ ಎರಡನೆಯದನ್ನು ಪ್ರಯೋಗಾಲಯಕ್ಕೂ ಹಂಚಿಕೊಟ್ಟು ಕೂತಿದ್ದೇವೆ.

ಮೊದಲ ಅವಧಿ: ಎರಡು ಪಟ್ಟಿಗಳು

ಪೂರ್ವಜ್ಞಾನವಾಗಿ ಚಂದ್ರನ ಕಲೆಗಳು ಮಕ್ಕಳಿಗೆ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಬಲ್ಬು ಮತ್ತು ಚೆಂಡಿನ ಪ್ರಯೋಗಕ್ಕೆ ಹತ್ತು ನಿಮಿಷ ಸಾಕು. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸರಾಸರಿ 29.53 ದಿನ ಎಂಬ ಒಂದೇ ಸಂಖ್ಯೆಯನ್ನು ನಾನು ಹಲಗೆಯ ಮೇಲೆ ಕೊಟ್ಟೆ. ಹನ್ನೆರಡರಿಂದ ಗುಣಿಸುವ ಕೆಲಸ ಅವರದು. 354.36 ಎಂದು ಬಂತು. ಸೂರ್ಯನ ವರ್ಷ ಸುಮಾರು 365.24 ದಿನ. ವ್ಯತ್ಯಾಸ ಹನ್ನೊಂದಕ್ಕೆ ಸ್ವಲ್ಪ ಕಡಿಮೆ.

ಇಷ್ಟನ್ನು ಹಲಗೆಯ ಮೇಲೆ ಬರೆದು ಬಿಟ್ಟರೆ ಅದು ಸಂಖ್ಯೆಯಾಗಿಯೇ ಉಳಿಯುತ್ತದೆ. ಅದಕ್ಕೆ ಗ್ರಾಫ್ ಹಾಳೆಯ ಪಟ್ಟಿ. ಒಂದು ಮಿಲಿಮೀಟರಿಗೆ ಒಂದು ದಿನ. ಪ್ರತಿ ಗುಂಪೂ ಮೂರು ಹಳದಿ ಪಟ್ಟಿ ಮಾಡಬೇಕು, ಒಂದೊಂದು 36.5 ಸೆಂ.ಮೀ.; ಮೂರು ಬಿಳಿ ಪಟ್ಟಿ, ಒಂದೊಂದು 35.4 ಸೆಂ.ಮೀ. ಹಳದಿ ಸೂರ್ಯನ ವರ್ಷ, ಬಿಳಿ ಚಂದ್ರನ ವರ್ಷ. ಹಳದಿ ಮೂರನ್ನು ಉದ್ದಕ್ಕೆ ಅಂಟಿಸಿ ನೆಲದ ಮೇಲೆ ಹಾಸಿ, ಅದರ ಕೆಳಗೆ ಬಿಳಿ ಮೂರನ್ನು ಹಾಸಿದರೆ ಕೊನೆಯಲ್ಲಿ 3.3 ಸೆಂ.ಮೀ. ಖಾಲಿ ಉಳಿಯುತ್ತದೆ. ಆಗ ಕೆಂಪು ಬಣ್ಣದ ಒಂದು ತುಂಡು ಕೊಟ್ಟೆ, 2.95 ಸೆಂ.ಮೀ., ಒಂದು ಚಾಂದ್ರಮಾಸದಷ್ಟು. “ಇದು ಆ ಸಂದಿಯಲ್ಲಿ ಹಿಡಿಯುತ್ತದಾ ನೋಡಿ.” ಹಿಡಿಯಿತು, ಮೂರೂವರೆ ಮಿಲಿಮೀಟರ್ ಮಿಕ್ಕಿತು.

“ಅಧಿಕ ಮಾಸ!” ಎಂದು ಕೂಗಿದ್ದು ಮುಂದಿನ ಬೆಂಚಿನವರಲ್ಲ, ಯಾವಾಗಲೂ ಸುಮ್ಮನಿರುವ ಒಬ್ಬ ಹುಡುಗಿ. ಅವಳ ಮನೆಯಲ್ಲಿ 2023ರಲ್ಲಿ ಅಧಿಕ ಶ್ರಾವಣ ಬಂದಾಗ ಅಳಿಯನನ್ನು ಕರೆದು ಊಟ ಹಾಕಿದ್ದರಂತೆ. ಅಧಿಕ ಮಾಸ ಎಂಬ ಪದ ಹಲವು ಮಕ್ಕಳಿಗೆ ಗೊತ್ತಿತ್ತು. ಅದು ಒಂದು ಸಂದಿಗೆ ಹಾಕಿದ ತೇಪೆ ಎಂಬುದು ಗೊತ್ತಿರಲಿಲ್ಲ.

ಇಲ್ಲಿ ಮಕ್ಕಳು ‘ಮೂರು ವರ್ಷಕ್ಕೊಂದು ತಿಂಗಳು ಸೇರಿಸುವುದು’ ಎಂದು ಬರೆದುಕೊಂಡು ಬಿಡುತ್ತಾರೆ. ಶಿಕ್ಷಕರಿಗೆ ನಿಜವಾದ ನಿಯಮ ತಿಳಿದಿರಬೇಕು. ಸೂರ್ಯ ಒಂದು ರಾಶಿಯಿಂದ ಇನ್ನೊಂದಕ್ಕೆ ಹೋಗುವುದು ಸಂಕ್ರಮಣ. ಒಂದು ರಾಶಿಯಲ್ಲಿ ಅವನು ಇರುವುದು ಸರಾಸರಿ 30.4 ದಿನ, ಚಾಂದ್ರಮಾಸ ಅದಕ್ಕಿಂತ ಚಿಕ್ಕದು. ಹಾಗಾಗಿ ಆಗಾಗ ಒಂದು ಚಾಂದ್ರಮಾಸ ಎರಡು ಸಂಕ್ರಮಣಗಳ ನಡುವೆ ಪೂರ್ತಿಯಾಗಿ ಕೂತುಬಿಡುತ್ತದೆ. ಸಂಕ್ರಮಣವೇ ಇಲ್ಲದ ಆ ಮಾಸ ಅಧಿಕ. ಸರಾಸರಿ ಮೂವತ್ತೆರಡೂವರೆ ತಿಂಗಳಿಗೊಮ್ಮೆ ಹೀಗಾಗುತ್ತದೆ. 19 ವರ್ಷಕ್ಕೆ 7 ಅಧಿಕ ಮಾಸ ಸೇರಿಸಿದರೆ ಒಟ್ಟು 235 ಚಾಂದ್ರಮಾಸ. ಗುಣಿಸಿ ನೋಡಿದರೆ 19 ಸೌರವರ್ಷಕ್ಕೂ ಅದಕ್ಕೂ ಸುಮಾರು ಎರಡು ಗಂಟೆಯಷ್ಟೇ ಅಂತರ. ಗಣಿತದಲ್ಲಿ ಆಸಕ್ತಿಯಿದ್ದ ನಾಲ್ಕೈದು ಮಕ್ಕಳಿಗೆ ಇದನ್ನು ಕ್ಯಾಲ್ಕುಲೇಟರ್ ಕೊಟ್ಟು ಮಾಡಿಸಿದೆ. ಉಳಿದವರಿಗೆ ಪಟ್ಟಿ ಸಾಕು.

ಈಗ ಮುಖ್ಯ ಮಾತು. ಸಂದಿಯನ್ನು ಏನು ಮಾಡಬೇಕು ಎಂಬುದಕ್ಕೆ ಮೂರು ಆಯ್ಕೆಗಳಿವೆ. ಚಂದ್ರನನ್ನು ಬಿಟ್ಟು ಸೂರ್ಯನನ್ನು ಮಾತ್ರ ಹಿಡಿಯುವುದು: ನಾವು ದಿನವೂ ಬಳಸುವ ಜನವರಿ–ಡಿಸೆಂಬರ್ ಹಾಗೆ, ಅದರ ತಿಂಗಳಿಗೂ ಆಕಾಶದ ಚಂದ್ರನಿಗೂ ಸಂಬಂಧವಿಲ್ಲ. ಚಂದ್ರನ ತಿಂಗಳನ್ನು ಹಿಡಿದು, ಕೆಂಪು ತುಂಡು ಸೇರಿಸಿ ಸೂರ್ಯನ ಜೊತೆ ಹೊಂದಿಸಿಕೊಳ್ಳುವುದು: ಯುಗಾದಿ, ಗಣೇಶ ಚೌತಿ, ದೀಪಾವಳಿ, ಮಹಾವೀರ ಜಯಂತಿ, ಬುದ್ಧ ಪೂರ್ಣಿಮೆ, ಗುರುನಾನಕ್ ಜಯಂತಿ ಎಲ್ಲ ಈ ದಾರಿ. ಬೈಲುಕುಪ್ಪೆಯ ಟಿಬೆಟನ್ನರ ಹೊಸವರ್ಷ ಲೋಸಾರ್ ಕೂಡ; ಅವರು ತಿಂಗಳು ಸೇರಿಸುವ ಲೆಕ್ಕ ಬೇರೆ, ತತ್ವ ಒಂದೇ. ಮೂರನೆಯದು, ಚಂದ್ರನನ್ನು ಮಾತ್ರ ಹಿಡಿದು ಸಂದಿಯನ್ನು ಹಾಗೇ ಬಿಡುವುದು. ಅದು ಹಿಜರಿ.

“ಹಾಗಾದರೆ ಹಿಜರಿ ಕ್ಯಾಲೆಂಡರ್ ತಪ್ಪು ಅಲ್ವಾ ಮಿಸ್?” ಈ ಪ್ರಶ್ನೆ ಬಂದೇ ಬರುತ್ತದೆ, ತಯಾರಾಗಿರಬೇಕು. ವರ್ಷಕ್ಕೆ ಹನ್ನೆರಡೇ ತಿಂಗಳು, ಹೆಚ್ಚಿಗೆ ಸೇರಿಸುವಂತಿಲ್ಲ ಎಂಬುದು ಕುರಾನಿನಲ್ಲೇ ಬಂದಿರುವ ನಿಯಮ. ಅದರ ಪರಿಣಾಮವಾಗಿ ರಂಜಾನ್ ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತಾ ಎಲ್ಲ ಋತುಗಳನ್ನೂ ಸುತ್ತುತ್ತದೆ. ನಾನು ಮರುಪ್ರಶ್ನೆ ಹಾಕಿದೆ: ಉಪವಾಸದ ತಿಂಗಳು ಯಾವಾಗಲೂ ಏಪ್ರಿಲ್ ಬಿಸಿಲಲ್ಲೇ ಬಂದರೆ? ಯಾವಾಗಲೂ ಡಿಸೆಂಬರಿನಲ್ಲೇ ಬಂದರೆ? ನಮ್ಮ ರಾಜ್ಯದ ದಕ್ಷಿಣ ಭಾಗದಲ್ಲಿ ಜೂನ್ ಹಗಲಿಗೂ ಡಿಸೆಂಬರ್ ಹಗಲಿಗೂ ಸುಮಾರು ಒಂದೂವರೆ ಗಂಟೆ ವ್ಯತ್ಯಾಸ. ಉತ್ತರದ ದೇಶಗಳಲ್ಲಿ ಬಹಳ ಹೆಚ್ಚು. ಸುತ್ತುವುದರಿಂದ ಕಷ್ಟದ ದಿನವೂ ಸುಲಭದ ದಿನವೂ ಎಲ್ಲರಿಗೂ ಹಂಚಿಕೆಯಾಗುತ್ತದೆ. ಬೆಳೆ, ಮಳೆಗೆ ಹಬ್ಬ ಹೊಂದಬೇಕು ಎಂದರೆ ಕೆಂಪು ತುಂಡು ಬೇಕು. ಹೊಂದಬೇಕಾದ ಅಗತ್ಯವಿಲ್ಲ ಎಂದರೆ ಬೇಡ. ಯಾವುದಕ್ಕೆ ಹೊಂದಿಸುತ್ತೀರಿ ಎಂಬುದರ ಮೇಲೆ ಲೆಕ್ಕ ನಿಂತಿದೆ.

ಮನೆಗೆಲಸವಾಗಿ ಕೊಟ್ಟದ್ದು ಒಂದೇ ಪ್ರಶ್ನೆ, ಎಲ್ಲರಿಗೂ ಒಂದೇ: ‘ಮನೆಯ ಹಿರಿಯರನ್ನು ಕೇಳಿ: ಅವರು ಚಿಕ್ಕವರಿದ್ದಾಗ ರಂಜಾನ್ ಯಾವ ಕಾಲದಲ್ಲಿ ಬರುತ್ತಿತ್ತು?’ ಬೇಕೆಂದೇ ಎಲ್ಲ ಮನೆಗಳಿಗೂ ಕಳಿಸಿದ ಪ್ರಶ್ನೆ. ಮರುದಿನ ಬಂದ ಉತ್ತರಗಳಲ್ಲಿ ಒಂದು ಪಕ್ಕದ ಮನೆಯಿಂದ ಬರುತ್ತಿದ್ದ ಸುರಕುಂಬಾದ ನೆನಪು. ಇನ್ನೊಂದು, ‘ಆಗ ಚಳಿ ಇತ್ತು, ಕಂಬಳಿ ಹೊದ್ದು ಚಂದ್ರ ನೋಡಲು ಮಾಳಿಗೆ ಹತ್ತುತ್ತಿದ್ದೆವು’ ಎಂಬ ಒಬ್ಬ ಹುಡುಗಿಯ ನಾನಿಯ ಮಾತು. 2000ನೇ ಇಸವಿಯಲ್ಲಿ ರಂಜಾನ್ ಹಬ್ಬ ಎರಡು ಸಲ ಬಂದಿತ್ತು, ಜನವರಿ ಮೊದಲರ್ಧದಲ್ಲಿ ಒಮ್ಮೆ, ಡಿಸೆಂಬರ್ ಕೊನೆಯಲ್ಲಿ ಒಮ್ಮೆ. ಇನ್ನೊಮ್ಮೆ ಹಾಗಾಗುವುದು 2033ರಲ್ಲಿ. 33 ವರ್ಷಕ್ಕೆ ಒಂದು ಸುತ್ತು ಎಂಬುದನ್ನು ಮಕ್ಕಳೇ ಕಳೆದು ಹೇಳಿದರು. ಇದರಿಂದ ಹುಟ್ಟಿದ ಒಂದು ಲೆಕ್ಕ ತರಗತಿಗೆ ಬಹಳ ಹಿಡಿಸಿತು: 33 ಸೌರವರ್ಷ ಅಂದರೆ 34 ಹಿಜರಿ ವರ್ಷ, ಹಾಗಾದರೆ 66 ವರ್ಷದ ಅಜ್ಜಿಗೆ ಹಿಜರಿ ಲೆಕ್ಕದಲ್ಲಿ ಎಷ್ಟು ವಯಸ್ಸು?

ಎರಡನೇ ಅವಧಿ: ಹುಡುಗನ ಪ್ರಶ್ನೆ

ಈಗ ಗೋಡೆ ಕ್ಯಾಲೆಂಡರ್ ಬೇಕು. ಎರಡು ಮೂರು ವರ್ಷದವು, ಅಮಾವಾಸ್ಯೆ, ಹುಣ್ಣಿಮೆ, ತಿಥಿ ಮುದ್ರಿಸಿರುವಂಥವು. ಹಿಜರಿ ತಿಂಗಳನ್ನೂ ಸಣ್ಣ ಅಕ್ಷರದಲ್ಲಿ ಹಾಕಿರುವ ಕ್ಯಾಲೆಂಡರ್ ಸಿಕ್ಕಿದರೆ ಅನುಕೂಲ. ಹಳೆಯ ಕ್ಯಾಲೆಂಡರ್‌ಗಳು ಮನೆಗಳಲ್ಲಿ ಪುಸ್ತಕಕ್ಕೆ ರಟ್ಟಾಗಿ ಸೇರಿರುತ್ತವೆ. ಒಂದು ವಾರ ಮೊದಲೇ ಹೇಳಿದರೆ ಮಕ್ಕಳು ತರುತ್ತಾರೆ.

ಹಿಜರಿ ತಿಂಗಳು ಶುರುವಾಗುವುದು ಸಂಜೆ ಎಳೆಚಂದ್ರ ಕಣ್ಣಿಗೆ ಬಿದ್ದಾಗ. ನಮ್ಮ ಚಾಂದ್ರಮಾಸ ಶುರುವಾಗುವುದು ಅಮಾವಾಸ್ಯೆ ಮುಗಿದ ಪಾಡ್ಯದಿಂದ. ಪಾಡ್ಯದ ಸಂಜೆ ಚಂದ್ರ ಸಾಮಾನ್ಯವಾಗಿ ಸೂರ್ಯನಿಗೆ ತೀರ ಹತ್ತಿರ ಇರುತ್ತಾನೆ, ಕಾಣುವುದು ಕಷ್ಟ. ಬಿದಿಗೆಯ ಸಂಜೆ ಕಾಣುತ್ತಾನೆ. ಹಾಗೆ ಕಂಡರೆ ಮರುದಿನದ ಹಗಲು ಪಂಚಾಂಗದಲ್ಲಿ ತದಿಗೆ, ಹಿಜರಿಯಲ್ಲಿ 1ನೇ ತಾರೀಖು. ಅಂದರೆ ಹಿಜರಿ ತಾರೀಖಿಗೆ 2 ಕೂಡಿಸಿದರೆ ಶುಕ್ಲಪಕ್ಷದ ತಿಥಿ. ಚಂದ್ರ ಒಂದು ದಿನ ಮೊದಲೇ ಕಂಡಿದ್ದರೆ 1 ಕೂಡಿಸಬೇಕು. ಇಷ್ಟೇ ಸೂತ್ರ.

ಈದ್ ಮಿಲಾದ್ ರಬೀ ಉಲ್ ಅವ್ವಲ್ ತಿಂಗಳ 12ಕ್ಕೆ. 12ಕ್ಕೆ 2 ಕೂಡಿಸಿ ಎಂದೆ. ಹದಿನಾಲ್ಕು. ಹದಿನಾಲ್ಕನೇ ತಿಥಿಗೆ ಹೆಸರೇನು? ಚತುರ್ದಶಿ. ಭಾದ್ರಪದ ಶುಕ್ಲ ಚತುರ್ದಶಿಗೆ? ತರಗತಿಯಲ್ಲಿ ಒಂದು ಕ್ಷಣ ಸದ್ದಿಲ್ಲ. ಆಮೇಲೆ ಒಬ್ಬರಾದ ಮೇಲೊಬ್ಬರು ಹೇಳಿದರು: ಅನಂತ ಚತುರ್ದಶಿ.

ಮಿಲಾದ್ ಯಾವ ತಿಂಗಳಲ್ಲಿ ಬಂದರೂ ಅದು ಬರುವುದು ತ್ರಯೋದಶಿ, ಚತುರ್ದಶಿಯ ಆಸುಪಾಸಿನಲ್ಲೇ. ರಬೀ ಉಲ್ ಅವ್ವಲ್ ಭಾದ್ರಪದದ ಜೊತೆ ಕೂಡಿದ ವರ್ಷಗಳಲ್ಲಿ ಅದು ಗಣಪತಿ ಬಿಡುವ ದಿನಕ್ಕೆ ಬಂದು ನಿಲ್ಲಲೇಬೇಕು. ಮಕ್ಕಳು ಕ್ಯಾಲೆಂಡರಿನಲ್ಲಿ ನೋಡಿದರು: 2023ರಲ್ಲಿ ಎರಡೂ ಸೆಪ್ಟೆಂಬರ್ 28; 2024ರಲ್ಲಿ ಸೆಪ್ಟೆಂಬರ್ 16 ಮತ್ತು 17; 2025ರಲ್ಲಿ 5 ಮತ್ತು 6. ಮೂರು ವರ್ಷ ಸತತ. “ಅದಕ್ಕೇ ಜನ ಬೇಕಂತಲೇ ಅಂದ್ಕೊಂಡ್ರು,” ಎಂದ ಒಬ್ಬ. ಸರಿಯಾದ ಮಾತು. ಒಂದು ಸಲ ಆದದ್ದನ್ನು ಜನ ಮರೆಯುತ್ತಾರೆ. ಮೂರು ಸಲ ಆದರೆ ಕಾರಣ ಹುಡುಕುತ್ತಾರೆ, ಕಾರಣ ಗೊತ್ತಾಗದಿದ್ದರೆ ಯಾರೋ ಮಾಡಿದ್ದು ಎನ್ನುತ್ತಾರೆ.

ಈ ಮೂರು ವರ್ಷದ ಲೆಕ್ಕ ಎಲ್ಲಿಂದ ಬಂತು? ಇಲ್ಲಿ ಮೊದಲ ದಿನದ ಕೆಂಪು ತುಂಡು ಕೆಲಸಕ್ಕೆ ಬರುತ್ತದೆ. ಒಂದು ಅಧಿಕ ಮಾಸದಿಂದ ಇನ್ನೊಂದರವರೆಗೆ ಎರಡೂ ಪಂಚಾಂಗಗಳು ಒಂದೇ ಚಂದ್ರನ ಹಿಂದೆ ಜೊತೆಜೊತೆಯಾಗಿ ನಡೆಯುತ್ತವೆ. ಒಂದು ಕಡೆ ಅಧಿಕ ಮಾಸ ಸೇರಿಸಿದ ಕೂಡಲೇ ಜೋಡಿ ಒಂದು ತಿಂಗಳು ಜಾರುತ್ತದೆ. 2023ರಲ್ಲಿ ಅಧಿಕ ಶ್ರಾವಣ ಬಂದು ಮಿಲಾದ್ ಆಶ್ವಯುಜದಿಂದ ಭಾದ್ರಪದಕ್ಕೆ ಬಂತು. 2026ರಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ. ಅದಾದ ಮೇಲೆ ಮಿಲಾದ್ ಶ್ರಾವಣಕ್ಕೆ ಸರಿಯುತ್ತದೆ. 2026ರಲ್ಲಿ ಗಣೇಶ ಚೌತಿ ಸೆಪ್ಟೆಂಬರ್ 14ಕ್ಕೆ, ಮಿಲಾದ್ ಆಗಸ್ಟ್ ಕೊನೆಯ ವಾರದಲ್ಲೇ ಮುಗಿದಿರುತ್ತದೆ. ಇವೆರಡೂ ಮತ್ತೆ ಕೂಡಲು ಹನ್ನೆರಡು ಅಧಿಕ ಮಾಸಗಳು ಕಳೆಯಬೇಕು, ಮೂವತ್ತು ವರ್ಷ ದಾಟಬೇಕು. ಆ ಹೊತ್ತಿಗೆ ಈ ಮಕ್ಕಳಿಗೆ ನಲವತ್ತೈದರ ಆಸುಪಾಸು.

ಸೂತ್ರ ಒಂದು ಕಡೆ ಹೊಂದಿದರೆ ಸಾಲದು, ಬೇರೆ ಕಡೆ ಪರೀಕ್ಷಿಸಬೇಕು ಎಂದು ಇನ್ನೆರಡು ಕೊಟ್ಟೆ. ಬಕ್ರೀದ್ ತಿಂಗಳ 10ಕ್ಕೆ. 1 ಅಥವಾ 2 ಕೂಡಿಸಿದರೆ ಏಕಾದಶಿ, ದ್ವಾದಶಿ. 2022ರ ಜುಲೈ 10 ಮತ್ತು 2023ರ ಜೂನ್ 29: ಎರಡು ವರ್ಷವೂ ಬಕ್ರೀದ್ ಮತ್ತು ಪಂಢರಪುರದ ಆಷಾಢ ಏಕಾದಶಿ ಒಂದೇ ದಿನ. ಮೊಹರಂ ಕೂಡ 10ಕ್ಕೆ. ಭಾದ್ರಪದದ ಜೊತೆ ಬಂದಾಗ ಅದು ಚೌತಿಯಿಂದ ಎಂಟು ದಿನ ದೂರ ಇರಬೇಕು: 2019ರಲ್ಲಿ ಚೌತಿ ಸೆಪ್ಟೆಂಬರ್ 2, ಮೊಹರಂ ಸೆಪ್ಟೆಂಬರ್ 10. ಮೊಹರಂ ಎಂದ ಕೂಡಲೇ ರಾಯಚೂರು ಕಡೆಯಿಂದ ಬಂದು ಇಲ್ಲಿ ಓದುತ್ತಿದ್ದ ಹುಡುಗ ಎದ್ದುನಿಂತು, ಅವರ ಊರಲ್ಲಿ ಅಲಾಯಿ ಹಬ್ಬ ಎಲ್ಲರದ್ದು, ಅವನ ಮಾವನೇ ಹುಲಿವೇಷ ಹಾಕುತ್ತಾರೆ ಎಂದ. ಮುದಗಲ್ಲಿನ ಮೊಹರಂಗೆ ಎಲ್ಲಿಂದೆಲ್ಲ ಜನ ಬರುತ್ತಾರೆ ಎಂಬುದನ್ನೂ ಹೇಳಿದ. ಅದು ಯೋಜನೆಯಲ್ಲಿರಲಿಲ್ಲ. ಹತ್ತು ನಿಮಿಷ ಹೋಯಿತು, ಹೋಗಲಿ ಎಂದು ಬಿಟ್ಟೆ. ಯಾರೂ ಅವನನ್ನು ‘ನಿಮ್ಮ ಹಬ್ಬದ ಬಗ್ಗೆ ಹೇಳು’ ಎಂದು ನಿಲ್ಲಿಸಿರಲಿಲ್ಲ, ಅವನೇ ನಿಂತ.

ಯುಗಾದಿಗೆ ಬಂದಾಗ ಲೆಕ್ಕ ಇನ್ನೂ ಸುಂದರ. ಯುಗಾದಿ ಚೈತ್ರದ ಪಾಡ್ಯ. ರಂಜಾನ್ ಹಬ್ಬ ಶವ್ವಾಲ್ ತಿಂಗಳ 1. ಎರಡೂ ಒಂದೇ ಅಮಾವಾಸ್ಯೆಯ ಬೆನ್ನಿಗೆ ಬಂದರೆ ಒಂದೆರಡು ದಿನದ ಅಂತರ. 2024ರಲ್ಲಿ ಯುಗಾದಿ ಏಪ್ರಿಲ್ 9, ರಂಜಾನ್ ಹಬ್ಬ 11. 2025ರಲ್ಲಿ ಮಾರ್ಚ್ 30 ಮತ್ತು 31. 2026ರಲ್ಲೂ ಒಂದೇ ವಾರ. ಅದಕ್ಕೂ ಹಿಂದಿನ ಮೂರು ವರ್ಷ, 2021ರಿಂದ 2023, ಯುಗಾದಿಯ ಚಂದ್ರನೇ ರಂಜಾನ್ ಉಪವಾಸ ಶುರುಮಾಡಿದ ಚಂದ್ರ. ಮೂವತ್ತು ವರ್ಷದ ಹಿಂದಿನ ಜೋಡಿ 1992 ಮತ್ತು 1993ರದ್ದು. ನಮ್ಮ ಕಡೆ ಯುಗಾದಿಗೆ ಚಂದ್ರದರ್ಶನ ಮಾಡುವ ರೂಢಿಯಿದೆ. ಮನೆಯ ಹಿರಿಯರು ಸಂಜೆ ಮಕ್ಕಳನ್ನು ಕರೆದುಕೊಂಡು ಹೊರಗೆ ಬಂದು ಪಶ್ಚಿಮಕ್ಕೆ ನೋಡುತ್ತಾರೆ. 2025ರ ಮಾರ್ಚ್ 30ರ ಸಂಜೆ ಪಕ್ಕದ ಬೀದಿಯವರೂ ಮಾಳಿಗೆಯ ಮೇಲೆ ನಿಂತು ಹುಡುಕಿದ್ದು ಅದೇ ಗೆರೆಯಷ್ಟು ಚಂದ್ರನನ್ನು. ಇದಕ್ಕೆ ನಾನು ಏನೂ ವ್ಯಾಖ್ಯಾನ ಸೇರಿಸಲಿಲ್ಲ. ಕೋನ ಕೇಳಿದೆ: ಅಷ್ಟು ತೆಳ್ಳಗೆ ಕಾಣಬೇಕಾದರೆ ಸೂರ್ಯ, ಭೂಮಿ, ಚಂದ್ರ ಹೇಗಿರಬೇಕು? ಚಿತ್ರ ಬಿಡಿಸಿ.

“2024ರಲ್ಲಿ ಮಂಗಳೂರಲ್ಲಿ ಒಂದು ದಿನ ಮೊದಲೇ ರಂಜಾನ್ ಆಯ್ತು, ಅಲ್ಲಿ ಚಂದ್ರ ಬೇರೆನಾ?” ಎಂದು ನಗಿಸಿದವನೂ ಇದ್ದ. ಆ ವರ್ಷ ಕೇರಳದಲ್ಲಿ ಚಂದ್ರ ಕಂಡದ್ದರಿಂದ ದಕ್ಷಿಣ ಕನ್ನಡ, ಉಡುಪಿಯಲ್ಲಿ ಹಬ್ಬ ಏಪ್ರಿಲ್ 10ಕ್ಕೆ. ರಾಜ್ಯದ ಉಳಿದೆಡೆ 11ಕ್ಕೆ. ಕಣ್ಣಿಗೆ ಕಾಣಬೇಕು ಎಂಬ ನಿಯಮವಿದ್ದಾಗ ಮೋಡ, ದಿಗಂತ, ಊರು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ನಗು ಒಂದೇ ಕಡೆ ನಿಲ್ಲದಿರಲಿ ಎಂದು ಕೃಷ್ಣಾಷ್ಟಮಿಯನ್ನೂ ತಂದೆ: ಅಷ್ಟಮಿ ತಿಥಿ ಹಿಡಿಯುವವರು ಒಂದು ದಿನ, ರೋಹಿಣಿ ನಕ್ಷತ್ರ ಹಿಡಿಯುವವರು ಇನ್ನೊಂದು ದಿನ ಮಾಡುವುದು ನಮ್ಮೂರಲ್ಲೇ ಇದೆ.

ಉಳಿದ ಹಬ್ಬಗಳು

ಸಮಯವಿದ್ದಷ್ಟು ಇವನ್ನೂ ಸೇರಿಸಬಹುದು. ಈಸ್ಟರ್: ಮಾರ್ಚ್ 21ರಂದು ಅಥವಾ ನಂತರ ಬರುವ ಹುಣ್ಣಿಮೆ ಕಳೆದ ಮೇಲಿನ ಭಾನುವಾರ. ಚರ್ಚು ಇದಕ್ಕೆ ತನ್ನದೇ ಕೋಷ್ಟಕದ ಹುಣ್ಣಿಮೆ ಬಳಸುತ್ತದೆ. ಆದರೂ ಸೂರ್ಯ, ಚಂದ್ರ, ವಾರ ಮೂರೂ ಒಂದೇ ಹಬ್ಬದಲ್ಲಿವೆ. ಹೀಗಾಗಿ ಅದು ಮಾರ್ಚ್ 22ರಿಂದ ಏಪ್ರಿಲ್ 25ರೊಳಗೆ ಓಡಾಡುತ್ತದೆ. ಕ್ರಿಸ್‌ಮಸ್ ಓಡಾಡುವುದಿಲ್ಲ. ಮಂಗಳೂರಿನ ಕೊಂಕಣಿ ಕ್ರೈಸ್ತರು ಹೊಸ ತೆನೆ ತಂದು ಆಚರಿಸುವ ಮೊಂತಿ ಹಬ್ಬವೂ ಇಲ್ಲ, ಸೆಪ್ಟೆಂಬರ್ 8ಕ್ಕೆ ಸ್ಥಿರ. ಅದೇ ಹೊಸ ಅಕ್ಕಿಯ ಹಬ್ಬ ಕೊಡಗಿನಲ್ಲಿ ಪುತ್ತರಿ. ಅದು ಹುಣ್ಣಿಮೆ ಮತ್ತು ರೋಹಿಣಿ ನಕ್ಷತ್ರ ನೋಡಿಕೊಂಡು ಬರುತ್ತದೆ. ಪಾರ್ಸಿಗಳ ಶಹನ್‌ಶಾಹಿ ಪಂಚಾಂಗದಲ್ಲಿ ಸರಿಯಾಗಿ 365 ದಿನ, ಅಧಿಕ ವರ್ಷವೇ ಇಲ್ಲ. ಅದಕ್ಕೇ ಅವರ ಹೊಸವರ್ಷ ನಾಲ್ಕು ವರ್ಷಕ್ಕೊಂದು ದಿನ ಹಿಂದೆ ಸರಿಯುತ್ತ ಈಗ ಆಗಸ್ಟ್ ಮಧ್ಯಕ್ಕೆ ಬಂದಿದೆ. ಪಂಜಾಬಿನ ಬೈಸಾಖಿ, ತುಳುನಾಡಿನ ಬಿಸು, ಕೇರಳದ ವಿಷು, ತಮಿಳರ ಹೊಸವರ್ಷ ಏಪ್ರಿಲ್ ಮಧ್ಯದಲ್ಲಿ ಜೊತೆಯಾಗಿ ಬರುವುದು ಸೂರ್ಯನ ಮೇಷ ಪ್ರವೇಶದಿಂದ.

ಸಂಕ್ರಾಂತಿಯದು ಒಂದು ಒಳ್ಳೆಯ ಒಗಟು. ಸ್ವಾಮಿ ವಿವೇಕಾನಂದರು ಹುಟ್ಟಿದ್ದು 1863ರ ಜನವರಿ 12, ಆ ದಿನ ಮಕರ ಸಂಕ್ರಾಂತಿ. ಶಾಲೆಗಳಲ್ಲಿ ಯುವದಿನ ಆಚರಿಸುವುದು 12ಕ್ಕೇ. ಸಂಕ್ರಾಂತಿ ಮಾತ್ರ ಈಗ 14ಕ್ಕೋ 15ಕ್ಕೋ. ನಕ್ಷತ್ರಗಳನ್ನು ಲೆಕ್ಕಕ್ಕೆ ಇಟ್ಟುಕೊಂಡ ವರ್ಷ 365.256 ದಿನ, ನಮ್ಮ ಕ್ಯಾಲೆಂಡರ್ ವರ್ಷ 365.2425. ಸುಮಾರು 72 ವರ್ಷಕ್ಕೆ ಒಂದು ದಿನ. ಭಾಗಿಸಿ ನೋಡಿದರೆ ಎರಡು ದಿನದ ಸರಿತ ಸರಿಯಾಗಿ ಸಿಗುತ್ತದೆ. ‘ಸ್ಥಿರ’ ಎಂದುಕೊಂಡ ಹಬ್ಬವೂ ಚಲಿಸುತ್ತದೆ ಎಂಬುದು ಮಕ್ಕಳಿಗೆ ಅಚ್ಚರಿ. ಇಂಥ ಗೊಂದಲಗಳಿಗಾಗಿಯೇ ಭೌತವಿಜ್ಞಾನಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ 1952ರಲ್ಲಿ ಸಮಿತಿ ರಚನೆಯಾಗಿ, 1957ರ ಮಾರ್ಚ್ 22ರಿಂದ ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂತು. ದೇಶದಲ್ಲಿ ಆಗ ಬಳಕೆಯಲ್ಲಿದ್ದ ಪಂಚಾಂಗಗಳು ಸುಮಾರು ಮೂವತ್ತು.

ಒಬ್ಬ ಹುಡುಗ ಕ್ಯಾಲೆಂಡರನ್ನು ಹಿಂದೆಮುಂದೆ ತಿರುಗಿಸಿ “ನಮ್ಮೂರ ಮಾರಿಹಬ್ಬ ಇದರಲ್ಲಿ ಇಲ್ವೇ ಇಲ್ಲ” ಎಂದ. ಅದನ್ನು ಊರಿನ ಹಿರಿಯರು ಕೂತು ಒಂದು ಮಂಗಳವಾರ ಗೊತ್ತುಮಾಡುತ್ತಾರೆ, ಸುಗ್ಗಿ ಮುಗಿದು ಜನರ ಕೈಗೆ ದುಡ್ಡು ಬಂದ ಮೇಲೆ. ಈ ಪಾಠದಲ್ಲಿ ಬಂದ ಹಬ್ಬಗಳಲ್ಲಿ ನಿಜವಾಗಿ ಜನ ಕೂತು ‘ಇಟ್ಟುಕೊಳ್ಳುವ’ ಹಬ್ಬ ಇದೊಂದೇ. ಅಚ್ಚಾದ ಕ್ಯಾಲೆಂಡರಿನಲ್ಲಿ ಜಾಗ ಸಿಗದ ಇಂಥ ಹಬ್ಬಗಳಿಗೆ ಹಲಗೆಯ ಮೇಲೆ ಜಾಗ ಕೊಡುವುದು ಶಿಕ್ಷಕರ ಕೆಲಸ.

ಮೌಲ್ಯಮಾಪನ ಮತ್ತು ಕೆಲವು ಸೂಚನೆಗಳು

ಕೊನೆಯ ಹತ್ತು ನಿಮಿಷಕ್ಕೆ ಎರಡು ಪ್ರಶ್ನೆ. ಒಂದು: ಒಂದು ವರ್ಷ ಮೊಹರಂ ಆಶ್ವಯುಜ ಮಾಸದಲ್ಲಿ ಬಂದರೆ ಅದು ವಿಜಯದಶಮಿಯಿಂದ ಎಷ್ಟು ದಿನದ ಅಂತರದಲ್ಲಿ ಬರುತ್ತದೆ? ಇನ್ನೊಂದು: ‘2025ರಲ್ಲಿ ಎರಡು ಮೆರವಣಿಗೆ ಜೊತೆಗೆ ಬಂದದ್ದೇಕೆ ಎಂದು ನಿಮ್ಮ ಚಿಕ್ಕಪ್ಪನಿಗೆ ನಾಲ್ಕು ಸಾಲಿನಲ್ಲಿ ತಿಳಿಸಿ.’ ಮೊದಲನೆಯದನ್ನು ಹೆಚ್ಚಿನವರು ‘ಒಂದೆರಡು ದಿನ’ ಎಂದು ಸರಿಯಾಗಿ ಬರೆದರು. ಎರಡನೆಯದರಲ್ಲಿ ಅಧಿಕ ಮಾಸದ ಪಾತ್ರವನ್ನು ಸೇರಿಸಿದವರು ಅರ್ಧದಷ್ಟೂ ಇಲ್ಲ. 12 ಕೂಡಿಸು 2 ಎಂಬಲ್ಲಿಗೆ ನಿಲ್ಲಿಸಿದ್ದರು. ಹಾಗಾಗಿ ಪಾಠವನ್ನು ಮೂರು ಅವಧಿಗೆ ಹಿಗ್ಗಿಸಿ, ಮೂರನೆಯದನ್ನು ಪೂರ್ತಿಯಾಗಿ ಜೋಡಿ ಜಾರುವ ಲೆಕ್ಕಕ್ಕೆ ಬಿಡುವುದು ಒಳ್ಳೆಯದು. ಪ್ರಶ್ನೆ ಕೇಳಿದ್ದ ಹುಡುಗನ ನಾಲ್ಕು ಸಾಲು ಹೀಗಿತ್ತು ಎಂದು ಇಲ್ಲಿ ಬರೆಯುವುದಿಲ್ಲ. ಅದು ಅವನು ಚಿಕ್ಕಪ್ಪನಿಗೆ ಬರೆದದ್ದು.

ಈ ಪಾಠದಿಂದ ಊರಿನ ಜಗಳ ತಪ್ಪುತ್ತದೆ ಎಂದು ನಾನು ಹೇಳುತ್ತಿಲ್ಲ. ಮೆರವಣಿಗೆ ಯಾವ ದಾರಿಯಲ್ಲಿ ಹೋಗಬೇಕು, ಧ್ವನಿವರ್ಧಕ ಎಷ್ಟು ಹೊತ್ತು ಎಂಬುದೆಲ್ಲ ಜನರ ತೀರ್ಮಾನ. ಅದಕ್ಕೆ ಚಂದ್ರ ಹೊಣೆಯಲ್ಲ. ತಾರೀಖು ಮಾತ್ರ ಚಂದ್ರನದು. ಇವೆರಡನ್ನು ಬೇರೆಬೇರೆಯಾಗಿ ಇಡಲು ಎಂಟನೇ ತರಗತಿಯ ಮಕ್ಕಳಿಗೆ ಆಗುತ್ತದೆ.

ಮುಂದಿನ ತಂಡದ ಪ್ರಶಿಕ್ಷಣಾರ್ಥಿಗಳಿಗೆ ಕೆಲವು ಉಪಯೋಗದ ಮಾತು. ಗ್ರಾಫ್ ಪಟ್ಟಿಗಳನ್ನು ಹಿಂದಿನ ದಿನವೇ ಕತ್ತರಿಸಿಟ್ಟುಕೊಳ್ಳಿ. ತರಗತಿಯಲ್ಲಿ ಕತ್ತರಿಸಲು ಹೋದರೆ ಅವಧಿ ಅಲ್ಲೇ ಮುಗಿಯುತ್ತದೆ. ಅಳತೆ ಕೊಡುವಾಗ ದಶಮಾಂಶ ಬೇಡ, 365 ಮತ್ತು 354 ಸಾಕು. ಹಲಗೆಯ ಮೇಲೆ ‘ಹಿಂದೂ ಕ್ಯಾಲೆಂಡರ್’, ‘ಮುಸ್ಲಿಂ ಕ್ಯಾಲೆಂಡರ್’ ಎಂದು ಬರೆಯದೆ ‘ಚಂದ್ರ ಮಾತ್ರ’, ‘ಚಂದ್ರ ಮತ್ತು ಸೂರ್ಯ’, ‘ಸೂರ್ಯ ಮಾತ್ರ’ ಎಂದು ಮೂರು ಕಂಬ ಮಾಡಿ; ಹಬ್ಬದ ಹೆಸರುಗಳನ್ನು ಮಕ್ಕಳೇ ಬಂದು ತುಂಬಲಿ. ಯುಗಾದಿ 2026ರ ಮಾರ್ಚ್ 19ಕ್ಕೆ. 20ರ ಸಂಜೆ, ಸೂರ್ಯ ಮುಳುಗಿ ಅರ್ಧ ಗಂಟೆಯ ಹೊತ್ತಿಗೆ, ಪಶ್ಚಿಮ ದಿಗಂತ ತೆರೆದಿರುವ ಬಯಲೋ ಮಾಳಿಗೆಯೋ ಸಿಕ್ಕಿದರೆ ಮಕ್ಕಳನ್ನು ಪೋಷಕರ ಜೊತೆ ಅಲ್ಲಿಗೆ ಬರಲು ಹೇಳಿ. ಬೈನಾಕ್ಯುಲರ್ ಬೇಕಿಲ್ಲ. ಆಕಾಶ ಶುಭ್ರವಿದ್ದರೆ ಬರಿಗಣ್ಣಿಗೇ ಕಾಣುತ್ತದೆ. ನೋಟ್‌ಬುಕ್ಕಿನಲ್ಲಿ ಚಂದ್ರನ ಕೊಂಬು ಯಾವ ಕಡೆಗಿದೆ ಎಂದು ಬರೆದುಕೊಳ್ಳಲಿ.